ಸಿಲ್ವರಾಡೋ ಪಿಕಪ್‌ಗೆ ಹೊಸ ಸ್ಪಾರ್ಕ್ ಪ್ಲಗ್: ಗ್ಯಾಪ್ ನೋಡುವುದರಿಂದ ಹಿಡಿದು ಬಿಗಿ ಮಾಡುವವರೆಗೆ

ಒಂದು ಲಕ್ಷ ಮೈಲಿ ದಾಟಿದ ಸೆಕೆಂಡ್‌ಹ್ಯಾಂಡ್ ಸಿಲ್ವರಾಡೋ ಕೊಂಡಿದ್ದೀರಿ ಅಂದುಕೊಳ್ಳಿ. ಹಳೆಯ ಓನರ್ ಪ್ಲಗ್ ಬದಲಾಯಿಸಿದ್ದಾನೋ ಇಲ್ಲವೋ ಗೊತ್ತಿಲ್ಲ, ಬಿಲ್ಲೂ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಸಣ್ಣಗೆ ನಡುಗುತ್ತದೆ, ಟ್ರೇಲರ್ ಕಟ್ಟಿ ಏರು ಹತ್ತುವಾಗ ಮುಗ್ಗರಿಸಿದ ಹಾಗಾಗುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತಿದೆ. ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಪ್ಲಗ್ ತೆಗೆದು ನೋಡಿ. ಈ ಗಾಡಿಯಲ್ಲಿ ಇದು ಮನೆ ಮುಂದೆ ನಿಲ್ಲಿಸಿಕೊಂಡು ಮಾಡಬಹುದಾದ ಕೆಲಸ. ಮೊದಲ ಸಲ ಅರ್ಧ ದಿನ ಕೈಯಲ್ಲಿಟ್ಟುಕೊಳ್ಳಿ, ಆತುರ ಬೇಡ.

ನಾನಿಲ್ಲಿ ಬರೆಯುತ್ತಿರುವುದು 2007ರ ಹೊಸ ಬಾಡಿಯಿಂದ 2013ರವರೆಗಿನ ಶೆವ್ರೊಲೆ ಸಿಲ್ವರಾಡೋದ 5.3 ಲೀಟರ್ ವಿ8 ಇಂಜಿನ್ ಬಗ್ಗೆ. ಜಿಎಂಸಿ ಸಿಯೆರಾದಲ್ಲೂ ಇದೇ ಇಂಜಿನ್ ಬರುತ್ತಿತ್ತು. 2014ರಿಂದ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಸೀದಾ ಸಿಲಿಂಡರ್ ಒಳಗೇ ಸಿಂಪಡಿಸುವ ವ್ಯವಸ್ಥೆ) ಬಂತು, ಅದಕ್ಕೆ ಪ್ಲಗ್ ನಂಬರೇ ಬೇರೆ. ಡಾಡ್ಜ್ ರ‍್ಯಾಮ್‌ನ 5.7 ಹೆಮಿ ಆದರೆ ಸಿಲಿಂಡರ್‌ಗೆ ಎರಡರಂತೆ 16 ಪ್ಲಗ್, ಕೊಳ್ಳುವ ಮುಂಚೆ ಎಣಿಸಿಕೊಳ್ಳಿ. ಇನ್ನು 2004ರಿಂದ 2008ರ ಆಸುಪಾಸಿನ ಫೋರ್ಡ್ ಎಫ್-150, ಅದೂ 5.4 ಲೀಟರ್ ಮೂರು ವಾಲ್ವ್ ಇಂಜಿನ್ ಇದ್ದರೆ ದಯವಿಟ್ಟು ಇದನ್ನು ಓದಿಕೊಂಡು ಕೈ ಹಾಕಬೇಡಿ. ಅದರ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು, ಬಿಚ್ಚುವಾಗ ಕೆಳಗಿನ ತುಂಡು ಹೆಡ್‌ನಲ್ಲೇ (ಪ್ಲಗ್ ಕೂರುವ, ಸಿಲಿಂಡರ್‌ಗಳ ಮೇಲಿನ ಲೋಹದ ಭಾಗ) ಮುರಿದು ಉಳಿಯುವುದಕ್ಕೆ ಹೆಸರುವಾಸಿ. ಅದಕ್ಕೆ ಬೇರೆ ವಿಧಾನವಿದೆ, ಮುರಿದದ್ದನ್ನು ತೆಗೆಯೋಕೆ ಬೇರೆ ಟೂಲ್ ಇದೆ.

ಊರಿನಲ್ಲಿ ಬೊಲೆರೊ ಪಿಕಪ್ ಓಡಿಸುವವರು ಇದನ್ನು ಓದುತ್ತಿದ್ದರೆ, ನಿಮ್ಮದು ಡೀಸೆಲ್ ಆಗಿದ್ದರೆ ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಪೆಟ್ರೋಲ್ ಅಥವಾ ಸಿಎನ್‌ಜಿ ಸಣ್ಣ ಲೋಡ್ ಗಾಡಿ ಇದ್ದರೆ ಕೆಳಗೆ ಹೇಳುವ ಕೈಕೆಲಸ ಬಹುತೇಕ ಅದೇ, ಅಂಕಿ ಮಾತ್ರ ನಿಮ್ಮ ಗಾಡಿಯ ಪುಸ್ತಕದಿಂದ ತೆಗೆದುಕೊಳ್ಳಿ.

ಸ್ಕೂಟರ್ ಕಾಲದ ಅಭ್ಯಾಸ ಇಲ್ಲಿ ಬೇಡ

ನಮ್ಮಲ್ಲಿ ಸುಮಾರು ಜನ ಪ್ಲಗ್ ಕೆಲಸ ಕಲಿತದ್ದು ಸ್ಕೂಟರ್, ಬೈಕ್ ಮೇಲೆ. ಪ್ಲಗ್ ಬಿಚ್ಚುವುದು, ಎಮರಿ ಪೇಪರ್‌ನಲ್ಲಿ ತಿಕ್ಕುವುದು, ಆಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ನೋಡುವುದು, ಆಮೇಲೆ ಪ್ಲಗ್ ಸ್ಪ್ಯಾನರ್‌ಗೆ ಟಾಮಿ ಹಾಕಿ ಉಸಿರು ಬಿಗಿಹಿಡಿದು ಟೈಟ್ ಮಾಡುವುದು. ಆ ಗಾಡಿಗಳಲ್ಲಿ ಅದು ನಡೆದುಹೋಗುತ್ತಿತ್ತು. ಇಲ್ಲಿ ಆ ಒಂದೊಂದು ಅಭ್ಯಾಸವೂ ಖರ್ಚಿನ ದಾರಿ. ಇದರ ಪ್ಲಗ್‌ಗೆ ಇರುವುದು ಇರಿಡಿಯಂ ತುದಿ, ಸೂಜಿಯಂತೆ ಸಣ್ಣ, ತಿಕ್ಕಿದರೆ ಅಥವಾ ಪಕ್ಕಕ್ಕೆ ಒತ್ತಿದರೆ ಹೋಯಿತು. ಹೆಡ್ ಅಲ್ಯೂಮಿನಿಯಂ, ಜಾಸ್ತಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ. ಎಂಟು ಪ್ಲಗ್ ಬೆಲೆ ಒಂದು ಕಡೆ, ಹೆಡ್ ಬಿಚ್ಚಿ ಥ್ರೆಡ್ ರಿಪೇರಿ ಮಾಡಿಸುವ ಬಿಲ್ ಇನ್ನೊಂದು ಕಡೆ. ಈ ಇಡೀ ಕೆಲಸದಲ್ಲಿ ಬಲ ಬೇಕಾಗುವುದು ಹಳೆಯ ಪ್ಲಗ್ ಸಡಿಲ ಮಾಡುವ ಮೊದಲ ಕ್ಷಣಕ್ಕೆ ಮಾತ್ರ, ಉಳಿದದ್ದೆಲ್ಲ ಬೆರಳಿನ ಕೆಲಸ.

ಏನೇನು ಬೇಕು

ಪ್ಲಗ್ ಎಸಿ ಡೆಲ್ಕೊ 41-110, ಎಂಟು. ಬೇರೆ ಒಳ್ಳೆಯ ಕಂಪನಿಯದ್ದೂ ನಡೆಯುತ್ತದೆ, ಆದರೆ ನಿಮ್ಮ ಇಂಜಿನ್‌ಗೆ ಹೇಳಿದ ನಂಬರೇ ಆಗಿರಬೇಕು. ಉದ್ದ ಅಥವಾ ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಶಾಖ ಬಿಡುತ್ತದೆ ಅನ್ನುವ ಲೆಕ್ಕ) ಬೇರೆ ಇದ್ದದ್ದನ್ನು "ಇದೂ ಕೂರುತ್ತಲ್ಲ" ಅಂತ ಹಾಕಬೇಡಿ. ಆನ್‌ಲೈನ್‌ನಲ್ಲಿ ಯಾರೋ ಗೊತ್ತಿಲ್ಲದವರು ಅರ್ಧ ಬೆಲೆಗೆ ಮಾರುವುದನ್ನು ನಾನಂತೂ ಮುಟ್ಟುವುದಿಲ್ಲ, ನಕಲಿ ಪ್ಲಗ್ ಬೇಕಾದಷ್ಟು ಓಡಾಡುತ್ತಿದೆ.

ರಬ್ಬರ್ ಅಥವಾ ಮ್ಯಾಗ್ನೆಟ್ ಇರುವ 5/8 ಇಂಚಿನ ಪ್ಲಗ್ ಸಾಕೆಟ್, 3/8 ಡ್ರೈವ್ ರ‍್ಯಾಚೆಟ್, 3 ಮತ್ತು 6 ಇಂಚಿನ ಎಕ್ಸ್‌ಟೆನ್ಷನ್, ಒಂದು ಯೂನಿವರ್ಸಲ್ ಜಾಯಿಂಟ್. ತಂತಿ ಮಾದರಿಯ ಗ್ಯಾಪ್ ಗೇಜ್. ಡೈಎಲೆಕ್ಟ್ರಿಕ್ ಗ್ರೀಸ್, ಅಂದರೆ ಕರೆಂಟ್ ಹರಿಯಲು ಬಿಡದ ಗ್ರೀಸ್, ಒಂದು ಸಣ್ಣ ಟ್ಯೂಬ್. ಒಂದು ಅಡಿ ಉದ್ದದ ರಬ್ಬರ್ ಹೋಸ್, ಪ್ಲಗ್‌ನ ಬಿಳಿ ಪಿಂಗಾಣಿ ತುದಿಯ ಮೇಲೆ ಬಿಗಿಯಾಗಿ ಕೂರುವಂಥದ್ದು. ಗಾಳಿ ಹೊಡೆಯೋಕೆ ಕಂಪ್ರೆಸರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೀಬೋರ್ಡ್ ಧೂಳು ಹೊಡೆಯುವ ಗಾಳಿ ಡಬ್ಬಿಯೂ ಸಾಕು. ಗ್ಲೌಸ್ ಮರೆಯಬೇಡಿ. ಒಳಗೆ ತಗಡಿನ ಅಂಚುಗಳಿವೆ, ಕೈ ಕುಯ್ಯುತ್ತವೆ.

ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿ ಮಾಡುತ್ತಿದ್ದೀರಿ ಅಂತ ಅಳೆಯುವ ಸ್ಪ್ಯಾನರ್, ಅದರ ಬಗ್ಗೆ ಒಂದು ಮಾತು. ಚಕ್ರದ ನಟ್ಟಿಗೆ ಬಳಸುವ ದೊಡ್ಡ ಅರ್ಧ ಇಂಚಿನದು ಇದಕ್ಕೆ ಆಗುವುದಿಲ್ಲ. ನಮಗೆ ಬೇಕಾದ್ದು 11 ಫುಟ್-ಪೌಂಡ್, ಅಂದರೆ 15 ನ್ಯೂಟನ್ ಮೀಟರ್. ದೊಡ್ಡ ರೆಂಚ್ ಅಷ್ಟು ಕೆಳಗೆ ಸರಿಯಾಗಿ ತೋರಿಸುವುದೇ ಇಲ್ಲ, ನೀವು ಕ್ಲಿಕ್ ಸದ್ದಿಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಥ್ರೆಡ್ ಹೋಗಿರುತ್ತದೆ. ಇಂಚ್-ಪೌಂಡ್‌ನಲ್ಲಿ ಬರುವ ಸಣ್ಣದನ್ನು ತನ್ನಿ, ಅದರಲ್ಲಿ 132ಕ್ಕೆ ಇಡಬೇಕು. ಕೊಳ್ಳಲೇಬೇಕು ಅಂತಿಲ್ಲ, ಆಟೋಝೋನ್‌ನಂಥ ಅಂಗಡಿಗಳಲ್ಲಿ ಡಿಪಾಸಿಟ್ ಇಟ್ಟರೆ ಟೂಲ್ ಕೊಡುತ್ತಾರೆ, ವಾಪಸ್ ಕೊಟ್ಟಾಗ ದುಡ್ಡೂ ವಾಪಸ್.

ಮೊದಲು ಗ್ಯಾಪ್, ಇಂಜಿನ್ ಆಮೇಲೆ

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರು ಮಾಡಿ. ಬಿಸಿ ಅಲ್ಯೂಮಿನಿಯಂನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕೆಡುವ ಭಯವಿದೆ, ಪಕ್ಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೈ ಸುಡುವುದು ಬೇರೆ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇಂಜಿನ್ ತಣ್ಣಗಿರುವಾಗಲೇ ಮೇಜಿನ ಮುಂದೆ ಕೂತು ಎಂಟೂ ಪ್ಲಗ್‌ನ ಗ್ಯಾಪ್ ನೋಡಿ ಮುಗಿಸಿ.

ಗ್ಯಾಪ್ ಅಂದರೆ ನಡುವಿನ ಸಣ್ಣ ತುದಿಗೂ ಅದರ ಮೇಲೆ ಬಾಗಿರುವ ಪಟ್ಟಿಗೂ ನಡುವಿನ ಸಂದು. ಕಿಡಿ ಹಾರಬೇಕಾದ್ದು ಅಷ್ಟು ದೂರ. ಸಂದು ಜಾಸ್ತಿ ಆದರೆ ಅದನ್ನು ದಾಟೋಕೆ ಕಾಯಿಲ್ (ಪ್ಲಗ್‌ಗೆ ಹೈ ವೋಲ್ಟೇಜ್ ಕಳಿಸುವ ಭಾಗ) ಹೆಚ್ಚು ವೋಲ್ಟೇಜ್ ಕೊಡಬೇಕು. ಸುಮ್ನೆ ನಿಂತಿರುವಾಗ ಹೇಗೋ ದಾಟುತ್ತದೆ, ಲೋಡ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಏರಿ ಕಿಡಿ ಹಾರುವುದೇ ಕಷ್ಟವಾಗುತ್ತದೆ. ಏರಿನಲ್ಲಿ ಗಾಡಿ ಮುಗ್ಗರಿಸುವುದು ಹೀಗೆ. ಹಳೆಯ ಪ್ಲಗ್ ಮಾಡುವುದೂ ಇದನ್ನೇ, ಲೋಹ ಸವೆದು ಸವೆದು ಸಂದು ತಾನಾಗಿ ಹಿಗ್ಗುತ್ತದೆ, ಕಾಯಿಲ್ ಮೇಲೆ ಹೊರೆ ಬೀಳುತ್ತದೆ, ಕೊನೆಗೆ ಕಾಯಿಲ್ಲೂ ಸಾಯುತ್ತದೆ. ಸಂದು ತೀರಾ ಕಮ್ಮಿ ಆದರೆ ಕಿಡಿ ಹಾರುತ್ತದೆ, ಆದರೆ ಪುಟ್ಟ ಕಿಡಿ. ಮಿಶ್ರಣಕ್ಕೆ ಸರಿಯಾಗಿ ಬೆಂಕಿ ಹತ್ತುವುದಿಲ್ಲ, ಐಡಲ್‌ನಲ್ಲಿ ಇಂಜಿನ್ ನಡುಗುತ್ತದೆ.

ಈ ಇಂಜಿನ್‌ಗೆ ಬೇಕಾದ್ದು 0.040 ಇಂಚು, ಮಿಲಿಮೀಟರ್‌ನಲ್ಲಿ ಸುಮಾರು 1.02. ಇದೇ ಕುಟುಂಬದ ಹಳೆಯ ಇಂಜಿನ್‌ಗಳಿಗೆ ಮೊದಲು 0.060 ಅಂತ ಹೇಳಿದ್ದರು, ಆಮೇಲೆ ಈ ಗಾಡಿ ತಯಾರಿಸುವ ಜಿಎಂ (ಜನರಲ್ ಮೋಟರ್ಸ್) ಕಂಪನಿ ಅದನ್ನು 0.040ಕ್ಕೆ ಇಳಿಸಿತು. ಹಳೆಯ ಪುಸ್ತಕ, ಹಳೆಯ ಸ್ಟಿಕರ್ ನೋಡಿ ಗೊಂದಲ ಆಗುವುದು ಇದಕ್ಕೇ.

"ಫ್ಯಾಕ್ಟರಿಯಲ್ಲೇ ಗ್ಯಾಪ್ ಇಟ್ಟು ಕಳಿಸಿರುತ್ತಾರೆ, ನೋಡೋದು ಬೇಡ" ಅಂತ ಹೇಳುವವರು ಇದ್ದಾರೆ. ಇಟ್ಟಿರುತ್ತಾರೆ, ನಿಜ. ಆದರೆ ಆ ಡಬ್ಬಿ ಟ್ರಕ್‌ನಲ್ಲಿ, ಗೋದಾಮಿನಲ್ಲಿ, ಅಂಗಡಿಯ ಶೆಲ್ಫಿನಲ್ಲಿ ಎಲ್ಲೆಲ್ಲಿ ಬಿದ್ದಿದೆಯೋ ಯಾರಿಗೆ ಗೊತ್ತು? ನೋಡೋಕೆ ಪ್ಲಗ್‌ಗೆ ಅರ್ಧ ನಿಮಿಷ ಸಾಕು.

ಅಂಗಡಿಯ ಕೌಂಟರ್ ಮೇಲೆ ಒಂದೆರಡು ಡಾಲರ್‌ಗೆ ಸಿಗುವ ನಾಣ್ಯದಂಥ ಗೇಜ್ ಇದೆಯಲ್ಲ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಅದರ ಅಂಚನ್ನು ಸಂದಿಗೆ ತೂರಿಸಿ ಜಾರಿಸುವಾಗ ಭಾರವೆಲ್ಲ ಇರಿಡಿಯಂ ತುದಿಯ ಮೇಲೆ ಬೀಳುತ್ತದೆ. ತುದಿ ಮುರಿದರೂ ಕಣ್ಣಿಗೆ ಕಾಣದೆ ಹೋಗಬಹುದು. ತಂತಿ ಗೇಜ್‌ನಲ್ಲಿ 0.040ರ ತಂತಿ ತೆಗೆದುಕೊಂಡು ಸಂದಿನೊಳಗೆ ನೇರವಾಗಿ ಬಿಡಿ. ಸ್ವಲ್ಪವೇ ತಾಗಿಕೊಂಡು ಹೋಗಬೇಕು, ತಳ್ಳುವಂತಿರಬಾರದು. ಅದರ ಮುಂದಿನ ದಪ್ಪ ತಂತಿ, 0.045 ಇರಲಿ, ಹೋಗಲೇಬಾರದು. ಎರಡೂ ಸರಿ ಬಂದರೆ ಆ ಪ್ಲಗ್ ಪಕ್ಕಕ್ಕಿಡಿ.

ಸಂದು ಕಮ್ಮಿ ಇದ್ದರೆ ಗೇಜ್‌ನಲ್ಲಿರುವ ಕೊಕ್ಕೆಯನ್ನು ಹೊರಗಿನ ಬಾಗಿದ ಪಟ್ಟಿಗೆ ಮಾತ್ರ ಸಿಕ್ಕಿಸಿ ಕೂದಲೆಳೆಯಷ್ಟು ಎತ್ತಿ. ಮತ್ತೆ ಅಳೆಯಿರಿ. ಕೊಕ್ಕೆಯನ್ನಾಗಲಿ ಇನ್ನೇನನ್ನಾಗಲಿ ನಡುವಿನ ತುದಿಗೆ ಆನಿಸಿ ಮೀಟುವ ಹಾಗಿಲ್ಲ, ಇದೊಂದು ನೆನಪಿದ್ದರೆ ಗ್ಯಾಪ್ ಕೆಲಸದ ಮುಕ್ಕಾಲು ಪಾಲು ಬಂದ ಹಾಗೆ. ಸಂದು ಜಾಸ್ತಿ ಇದ್ದರೆ ಪ್ಲಗ್ ತಲೆಕೆಳಗಾಗಿ ಹಿಡಿದು ಪಟ್ಟಿಯನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟಿ, ಅಳೆಯಿರಿ, ಸಾಲದಿದ್ದರೆ ಇನ್ನೊಮ್ಮೆ ತಟ್ಟಿ. ಒಂದೇ ಏಟಿಗೆ ಸರಿ ಮಾಡಲು ಹೋಗಬೇಡಿ. ಪಟ್ಟಿ ತುದಿಯ ಮೇಲೆ ನೇರವಾಗಿ ನಿಂತಿದೆಯೇ, ಓರೆಯಾಗಿದೆಯೇ ಅಂತ ಪಕ್ಕದಿಂದಲೂ ನೋಡಿ. ಫ್ಯಾಕ್ಟರಿ ಗ್ಯಾಪ್‌ನಿಂದ 0.008 ಇಂಚಿಗಿಂತ ಹೆಚ್ಚು ಆಚೀಚೆ ಬಗ್ಗಿಸಬಾರದು ಅನ್ನುವುದು ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯ ಸಲಹೆ. ಅಷ್ಟು ವ್ಯತ್ಯಾಸ ಇದ್ದರೆ ನೀವು ತಂದದ್ದು ತಪ್ಪು ಪ್ಲಗ್ ಇರಬಹುದು, ನಂಬರ್ ಇನ್ನೊಮ್ಮೆ ನೋಡಿ.

ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ. ಹೊರಗೆ ಏನೂ ಕಾಣದಿದ್ದರೂ ಪಿಂಗಾಣಿ ಒಳಗೆ ಬಿರುಕು ಬಿಟ್ಟಿರಬಹುದು, ಆಮೇಲೆ ಕಿಡಿ ಅಲ್ಲಿಂದಲೇ ಸೋರುತ್ತದೆ.

ಹಳೆಯದನ್ನು ಬಿಚ್ಚುವುದು

ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಏರ್ ಫಿಲ್ಟರ್‌ನಿಂದ ಬರುವ ದೊಡ್ಡ ಪೈಪ್ ಕೂಡ ತೆಗೆದರೆ ಕೈಗೆ ಜಾಗ ಸಿಗುತ್ತದೆ. ಗಾಡಿ ಎತ್ತರ, ಕಾಲಿನ ಕೆಳಗೆ ಗಟ್ಟಿಯಾದ ಸ್ಟೂಲ್ ಇಟ್ಟುಕೊಳ್ಳಿ. ಡ್ರೈವರ್ ಕಡೆ ಮುಂದಿನಿಂದ ಹಿಂದಕ್ಕೆ 1, 3, 5, 7. ಆ ಕಡೆ 2, 4, 6, 8. ಮೊಟ್ಟೆಯ ಟ್ರೇ ಒಂದನ್ನು ತಂದು ಗುಣಿಗಳ ಮೇಲೆ ಈ ನಂಬರ್ ಬರೆದಿಡಿ, ಬಿಚ್ಚಿದ ಪ್ಲಗ್ ಅದರದರ ಗುಣಿಗೆ ಹೋಗಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಂದು ಸಲಕ್ಕೆ ಒಂದೇ ಪ್ಲಗ್. ಬಿಚ್ಚಿ, ಹೊಸದು ಹಾಕಿ, ವೈರ್ ಕೂರಿಸಿ, ಆಮೇಲೆ ಮುಂದಿನದು. ಎಂಟೂ ಒಟ್ಟಿಗೆ ಬಿಚ್ಚಿಟ್ಟರೆ ತೆರೆದ ತೂತುಗಳಿಗೆ ಏನು ಬೀಳುತ್ತದೋ ಅನ್ನೋ ಭಯ.

ಈ ಇಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಒಂದೊಂದು ಕಾಯಿಲ್ ವಾಲ್ವ್ ಕವರ್ ಮೇಲೆ ಕೂತಿದೆ, ಅಲ್ಲಿಂದ ಪ್ಲಗ್‌ಗೆ ಗೇಣುದ್ದದ ವೈರ್. ಪ್ಲಗ್ ಕಡೆಯ ಬೂಟ್ (ವೈರ್ ತುದಿಯ ರಬ್ಬರ್ ಟೋಪಿ) ಸುತ್ತ ತಗಡಿನ ಕೊಳವೆ ಇರುತ್ತದೆ, ಶಾಖ ತಡೆಯೋಕೆ. ಬೂಟನ್ನು ಹಿಡಿದು ಮೊದಲು ಎಡಕ್ಕೆ ಬಲಕ್ಕೆ ಅರ್ಧ ಸುತ್ತು ತಿರುಗಿಸಿ. ವರ್ಷಗಟ್ಟಲೆ ಅಂಟಿಕೊಂಡದ್ದು ಆಗ ಬಿಡುತ್ತದೆ. ಆಮೇಲೆ ಎಳೆಯಿರಿ, ವೈರ್ ಹಿಡಿದಲ್ಲ, ಬೂಟ್ ಹಿಡಿದು. ವೈರ್ ಜಗ್ಗಿದರೆ ಒಳಗೆ ತುಂಡಾಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ರಬ್ಬರ್ ಒಣಗಿ ಹರಿದು ಬಂದರೆ ಹೊಸ ವೈರ್ ಸೆಟ್ ಹಾಕಿ, ತಗಡಿನ ಕೊಳವೆ ಮಾತ್ರ ಎಸೆಯಬೇಡಿ, ಹೊಸ ವೈರ್‌ಗೆ ಅದೇ ಬೇಕು.

ಈಗ ಪ್ಲಗ್ ಸುತ್ತ ಗಾಳಿ ಹೊಡೆಯಿರಿ. ಇದನ್ನು ಬಿಟ್ಟರೆ ಅಲ್ಲಿ ಕೂತಿರುವ ಮರಳು ಸೀದಾ ಸಿಲಿಂಡರ್ ಒಳಗೆ.

ಸಾಕೆಟ್ ನೇರವಾಗಿ ಕೂರಿಸಿ, ಓರೆ ಹಿಡಿದರೆ ಪಿಂಗಾಣಿ ಒಡೆಯುತ್ತದೆ. ಒಂದು ಸಲ "ಟಕ್" ಅಂತ ಸಡಿಲವಾದ ಮೇಲೆ ಸುಲಭವಾಗಿ ತಿರುಗಬೇಕು. ಮಧ್ಯದಲ್ಲಿ ಮತ್ತೆ ಬಿಗಿಯಾದರೆ ನಿಲ್ಲಿಸಿ. ಕಾಲು ಸುತ್ತು ವಾಪಸ್ ಬಿಗಿ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಬಿಟ್ಟು ಕಾಫಿ ಕುಡಿದು ಬನ್ನಿ, ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ಹೊರತೆಗೆಯಿರಿ. ಇಂಪ್ಯಾಕ್ಟ್ ಗನ್ ಈ ಕೆಲಸದ ಹತ್ತಿರಕ್ಕೂ ಬರಬಾರದು.

ತಲೆನೋವು ಕೊಡುವುದು ಹಿಂದಿನ ಎರಡು, 7 ಮತ್ತು 8. 7ರ ಹತ್ತಿರ ಸ್ಟೀರಿಂಗ್ ಶಾಫ್ಟ್ ಹಾದುಹೋಗುತ್ತದೆ, ಕಣ್ಣಿಗೂ ಕಾಣುವುದಿಲ್ಲ, ಕೈಯೂ ಹೋಗುವುದಿಲ್ಲ. ಮೇಲಿಂದ ಆಗದಿದ್ದರೆ ಮುಂದಿನ ಚಕ್ರ ಬಿಚ್ಚಿ, ಫೆಂಡರ್ ಒಳಗಿನ ರಬ್ಬರ್ ಪರದೆ ಸರಿಸಿ, ಪಕ್ಕದಿಂದ ಕೈ ಹಾಕಿ. ಗಾಡಿಯನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸದೆ ಬರೀ ಜ್ಯಾಕ್ ನಂಬಿ ಚಕ್ರದ ಜಾಗದಲ್ಲಿ ತಲೆ ಹಾಕಬೇಡಿ. ಮೊದಲು 1ನೇ ಸಿಲಿಂಡರ್‌ನಿಂದ ಶುರು ಮಾಡಿ, ಕೈ ಪಳಗಿದ ಮೇಲೆ ಹಿಂದಕ್ಕೆ ಹೋಗಿ.

ಹೊಸದನ್ನು ಹಾಕುವುದು

ರ‍್ಯಾಚೆಟ್ ಕೆಳಗಿಡಿ. ಪ್ಲಗ್‌ನ ಹಿಂಬದಿಗೆ ರಬ್ಬರ್ ಹೋಸ್ ಸಿಕ್ಕಿಸಿ, ಹೋಸ್ ಹಿಡಿದುಕೊಂಡೇ ಪ್ಲಗ್ ತೂತಿಗೆ ಇಳಿಸಿ. ಮೊದಲು ಉಲ್ಟಾ ತಿರುಗಿಸಿ. ಥ್ರೆಡ್‌ನ ಶುರು ಸಿಕ್ಕಾಗ ಪ್ಲಗ್ ಸಣ್ಣಗೆ ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಸರಿಯಾಗಿ ಹಿಡಿದಿದ್ದರೆ ಬೆರಳಿನ ಬಲಕ್ಕೇ ಸುಮಾರು ಸುತ್ತು ಸಲೀಸಾಗಿ ಹೋಗುತ್ತದೆ. ಓರೆಯಾಗಿ ಹಿಡಿದಿದ್ದರೆ ಹೋಸ್ ಪ್ಲಗ್ ಮೇಲೆ ಜಾರಿ ಸುಮ್ನೆ ತಿರುಗುತ್ತದೆ, ಥ್ರೆಡ್ ಕಡಿಯುವಷ್ಟು ಬಲ ಅದಕ್ಕಿಲ್ಲ. ಹೋಸ್ ತಂದದ್ದೇ ಇದಕ್ಕೆ. ರ‍್ಯಾಚೆಟ್ ಹಾಕಿದ್ದರೆ ಅಡ್ಡ ಥ್ರೆಡ್ ಕೂಡ ಆರಾಮಾಗಿ ಒಳಗೆ ಹೋಗುತ್ತಿತ್ತು, ನಿಮಗೆ ಗೊತ್ತಾಗುವಷ್ಟರಲ್ಲಿ ಹೆಡ್ ಕೆಟ್ಟಿರುತ್ತಿತ್ತು.

ಥ್ರೆಡ್‌ಗೆ ಆ್ಯಂಟಿಸೀಜ್ (ಲೋಹ ಅಂಟಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಬೇಕೋ ಬೇಡವೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ನಾನು ಹಚ್ಚುವುದಿಲ್ಲ. ಈಗಿನ ಪ್ಲಗ್‌ಗಳಿಗೆ ಲೋಹದ ಲೇಪ ಮೊದಲೇ ಇರುತ್ತದೆ, ಎನ್‌ಜಿಕೆ ಕೂಡ ಬೇಡ ಅನ್ನುತ್ತದೆ. ಥ್ರೆಡ್ ಜಾರುವಂತಾದರೆ ರೆಂಚ್ ಅದೇ 11 ತೋರಿಸುವಾಗ ಪ್ಲಗ್ ನಿಜಕ್ಕೂ ಅದಕ್ಕಿಂತ ಬಿಗಿಯಾಗಿರುತ್ತದೆ.

ಕೈಯಲ್ಲಿ ಪೂರ್ತಿ ಕೂತ ಮೇಲೆ ಟಾರ್ಕ್ ರೆಂಚ್ ಹಾಕಿ 11 ಫುಟ್-ಪೌಂಡ್‌ಗೆ ಬಿಗಿ ಮಾಡಿ. ಒಂದೇ ಕ್ಲಿಕ್, ಎರಡನೇ ಸಲ "ಇರಲಿ" ಅಂತ ಬೇಡ. ಇಷ್ಟು ಕಮ್ಮಿಯಾ ಅನ್ನಿಸುತ್ತದೆ. ಅನ್ನಿಸಲಿ. ಈ ಪ್ಲಗ್‌ಗೆ ವಾಷರ್ ಇಲ್ಲ, ಕೂರುವ ಜಾಗ ಇಳಿಜಾರಾಗಿದೆ, ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಸ್ವಲ್ಪ ಬಲವೇ ಸಾಕು. ರೆಂಚ್ ನುಗ್ಗದ ಜಾಗದಲ್ಲಿ ಕೈ ಬಿಗಿಯಾದ ಮೇಲೆ ಸುತ್ತಿನ ಹದಿನಾರನೇ ಒಂದು ಭಾಗ ಮಾತ್ರ ರ‍್ಯಾಚೆಟ್‌ನಲ್ಲಿ ತಿರುಗಿಸಿ. ಗಡಿಯಾರದ ಮುಳ್ಳು 12ರಿಂದ 1ರವರೆಗೂ ಹೋಗಬಾರದು, ಅಷ್ಟು ಕಮ್ಮಿ. ವಾಷರ್ ಇರುವ ಪ್ಲಗ್‌ಗೆ ಹೇಳುವ ಅರ್ಧ ಸುತ್ತು, ಮುಕ್ಕಾಲು ಸುತ್ತಿನ ಲೆಕ್ಕ ಇಲ್ಲಿಗೆ ತರಬೇಡಿ.

ಬೂಟ್ ಒಳಗಿನ ಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಮುಂದಿನ ಸಲ ಬಿಚ್ಚುವಾಗ ಅಂಟಿರುವುದಿಲ್ಲ, ತೇವವೂ ಒಳಗೆ ಹೋಗುವುದಿಲ್ಲ. ಬೂಟ್ ಒತ್ತಿದಾಗ "ಟಿಕ್" ಅಂತ ಕೂರಬೇಕು. ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಬರಬಾರದು. ಕಾಯಿಲ್ ಕಡೆಯದನ್ನೂ ಹಾಗೇ ನೋಡಿ. ಎಲ್ಲ ಮುಗಿಸಿ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗಿದರೆ ಮೊದಲು ಸಂಶಯಪಡಬೇಕಾದ್ದು ಪೂರ್ತಿ ಕೂರದ ಬೂಟನ್ನೇ, ಅದರಲ್ಲೂ 7 ಮತ್ತು 8.

ಮೊಟ್ಟೆ ಟ್ರೇಯಲ್ಲಿರುವ ಪ್ಲಗ್ ಏನು ಹೇಳುತ್ತದೆ

ಈಗ ಹಳೆಯ ಎಂಟನ್ನೂ ಬೆಳಕಿಗೆ ಹಿಡಿದು ನೋಡಿ. ತುದಿ ತೆಳು ಕಂದು ಅಥವಾ ಬೂದು ಬಣ್ಣ ಇದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಕಿಡಿ ಸರಿಯಾಗಿ ಬರುತ್ತಿರಲಿಲ್ಲ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದ ಹಾಗಿದ್ದರೆ ಅತಿ ಬಿಸಿ. ಪಿಂಗಾಣಿ ಚೂರು ಹಾರಿದ್ದರೆ ಒಳಗೆ ನಾಕಿಂಗ್ (ಮಿಶ್ರಣ ಹದ ತಪ್ಪಿ ಸಿಡಿಯುವುದು) ಆಗುತ್ತಿದೆ, ತಡಮಾಡದೆ ತೋರಿಸಿ. ಪಿಂಗಾಣಿಯ ಹೊರಮೈಯಲ್ಲಿ ಲೋಹ ಶುರುವಾಗುವ ಕಡೆ ಕಂದು ಬಣ್ಣದ ಉಂಗುರ ಕಂಡರೆ ಗಾಬರಿ ಬೇಡ. ಸೋರಿಕೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ, ಅದು ಹೈ ವೋಲ್ಟೇಜ್‌ಗೆ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅಷ್ಟೇ.

ಒದ್ದೆಯಾದ ಕಪ್ಪು, ಆಯಿಲ್ ಜಿಡ್ಡು ಇದ್ದರೆ ನಂಬರ್ ನೋಡಿ. ಈ ಇಂಜಿನ್‌ಗಳಲ್ಲಿ ಪೆಟ್ರೋಲ್ ಉಳಿಸೋಕೆ ಹೈವೇಯಲ್ಲಿ ನಾಲ್ಕು ಸಿಲಿಂಡರ್ ತಾತ್ಕಾಲಿಕವಾಗಿ ಮಲಗಿಸುವ ವ್ಯವಸ್ಥೆ ಇದೆ, ಆ ನಾಲ್ಕು 1, 4, 6, 7. ಆಯಿಲ್ ಕುಡಿಯುವ ದೂರು ಈ ವ್ಯವಸ್ಥೆ ಇರುವ ಇಂಜಿನ್‌ಗಳಲ್ಲಿ ಚೆನ್ನಾಗಿ ಗೊತ್ತಿರುವಂಥದ್ದೇ. ಅವೇ ನಂಬರಿನ ಪ್ಲಗ್ ಜಿಡ್ಡಾಗಿದ್ದರೆ ಹೊಸ ಪ್ಲಗ್ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಹಾಗೇ ಆಗುತ್ತದೆ, ಕಾಯಿಲೆ ಬೇರೆ ಕಡೆ ಇದೆ. ಡಿಪ್‌ಸ್ಟಿಕ್ ಮೇಲೆ ಕಣ್ಣಿಡಿ. ಟ್ರೇಯ ಮೇಲೆ ನಂಬರ್ ಬರೆಯಿರಿ ಅಂದದ್ದು ಇದಕ್ಕೇ.

ಸ್ಟಾರ್ಟ್ ಮಾಡಿದ ಮೇಲೆ

ಐಡಲ್‌ನಲ್ಲಿ ಎರಡು ನಿಮಿಷ ಬಿಡಿ, ಸದ್ದು ಕೇಳಿ. ಆಮೇಲೆ ಒಂದು ರೌಂಡ್ ಹೋಗಿ, ಏರಿನಲ್ಲಿ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿ ನೋಡಿ. ಚೆಕ್ ಇಂಜಿನ್ ಲೈಟ್ ಮೊದಲೇ ಉರಿಯುತ್ತಿದ್ದರೆ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸಾಧನ) ಸಿಕ್ಕಿಸಿ ಕೋಡ್ ಅಳಿಸಿ. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರು, ಪಿಕಪ್‌ಗೂ ಆ ಪೋರ್ಟ್ ಇದೆ, ಸ್ಟೀರಿಂಗ್ ಕೆಳಗೆ ಹುಡುಕಿ. ಪಿ0300 ಬಂದರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಮಿಶ್ರಣ ಸರಿಯಾಗಿ ಉರಿಯದಿರುವುದು) ಅಲ್ಲಲ್ಲಿ ಆಗುತ್ತಿದೆ, ಪಿ0301ರಿಂದ ಪಿ0308ರವರೆಗೆ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಲೈಟ್ ಮಿಣುಕುತ್ತಿದ್ದರೆ ಗಾಡಿ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ.

ಪ್ಲಗ್ ಹೊಸದು, ಬೂಟ್ ಸರಿಯಾಗಿ ಕೂತಿದೆ, ಆದರೂ ಪಿ0303 ವಾಪಸ್ ಬರುತ್ತಿದೆ ಅಂದರೆ ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಮಾಡಿ. 3ರ ಕಾಯಿಲ್ ತೆಗೆದು 5ಕ್ಕೆ ಹಾಕಿ, 5ರದ್ದು 3ಕ್ಕೆ. ಕೋಡ್ ಅಳಿಸಿ ಓಡಿಸಿ. ಈಗ ಪಿ0305 ಬಂದರೆ ತಪ್ಪು ಕಾಯಿಲ್‌ನದ್ದು, ಅದೊಂದನ್ನು ಬದಲಾಯಿಸಿದರೆ ಸಾಕು. ಕೋಡ್ 3ರಲ್ಲೇ ನಿಂತರೆ ಅದೇ ಥರ ವೈರ್ ಅದಲು ಬದಲು ಮಾಡಿ ನೋಡಿ. ಆಗಲೂ 3ರಲ್ಲೇ ಇದ್ದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಮೆಕ್ಯಾನಿಕ್ ಹತ್ತಿರ ಹೋಗುವಾಗ ಮೊಟ್ಟೆ ಟ್ರೇಯಲ್ಲಿರುವ 3ನೇ ಪ್ಲಗ್ಗನ್ನೂ ತೆಗೆದುಕೊಂಡು ಹೋಗಿ.